ಪೌಲ ನಡೆದ ದಾರಿ: ಕವಾಲಾದಿಂದ ಕೆಂಖ್ರೆಯವರೆಗೆ

ಕ್ರೈಸ್ತ ಧರ್ಮದ ಮೂಲ ನೋಡಬೇಕು ಅಂದರೆ ಸಾಮಾನ್ಯವಾಗಿ ಎಲ್ಲರೂ ಜೆರುಸಲೇಮಿಗೆ ಹೋಗುತ್ತಾರೆ. ನಾನು ಮತ್ತು ನನ್ನ ತಂಗಿ ಗ್ರೀಸಿಗೆ ಹೋದೆವು. ಯೇಸುವನ್ನು ಶಿಲುಬೆಗೇರಿಸಿದ್ದು ಕ್ರಿ.ಶ. 30ರ ಸುಮಾರಿಗೆ. ಅದಾಗಿ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಗ್ರೀಸಿನ ಊರುಗಳಲ್ಲಿ ಅವನನ್ನು ನಂಬುವ ಸಣ್ಣ ಸಣ್ಣ ಗುಂಪುಗಳು ಹುಟ್ಟಿಕೊಂಡಿದ್ದವು. ಆಗ ಚರ್ಚ್ ಕಟ್ಟಡಗಳಿರಲಿಲ್ಲ. ಇವತ್ತು ನಾವು ಓದುವ ನಾಲ್ಕು ಸುವಾರ್ತೆಗಳು ಇನ್ನೂ ಬಂದಿರಲಿಲ್ಲ. ರಾಜರ ಬೆಂಬಲವಂತೂ ಇರಲೇ ಇಲ್ಲ. ಹಾಗಾದರೆ ಅದು ಹಬ್ಬಿದ್ದು ಹೇಗೆ? ಯಾರು ಹಬ್ಬಿಸಿದರು? ಈ ಪ್ರಶ್ನೆ ಇಟ್ಟುಕೊಂಡೇ ನಾವು ದಾರಿ ಆರಿಸಿಕೊಂಡೆವು.

ದಾರಿ ಪೌಲನದ್ದು. ಅವನು ತಾರ್ಸದ ಯೆಹೂದಿ, ಗುಡಾರ ಮಾಡುವ ಕಸುಬಿನವನು. ಮೊದಲು ಯೇಸುವಿನ ಶಿಷ್ಯರನ್ನು ಹಿಂಸಿಸಿದವನು, ಆಮೇಲೆ ಅವರಲ್ಲೇ ಒಬ್ಬನಾದವನು. ಕ್ರಿ.ಶ. 49–50ರ ಹೊತ್ತಿಗೆ ಸೀಲ, ತಿಮೊಥೆಯರ ಜೊತೆ ಏಷ್ಯಾದ ದಡದ ತ್ರೋವದಿಂದ ಹಡಗು ಹತ್ತಿ ಗ್ರೀಸಿಗೆ ಬಂದ. ಅವನು ಇಳಿದ ಬಂದರಿನಿಂದಲೇ ನಾವೂ ಶುರು ಮಾಡಿದೆವು.

ಮೊದಲ ದಿನ: ಕವಾಲಾ

ಥೆಸಲೊನೀಕಿ ವಿಮಾನ ನಿಲ್ದಾಣದಿಂದ ಪೂರ್ವಕ್ಕೆ ಬಸ್ಸಿನಲ್ಲಿ ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ಕವಾಲಾ ಅಂದರೆ ಆ ಕಾಲದ ನೆಯಾಪೊಲಿ. ಗುಡ್ಡದ ಇಳಿಜಾರಿನಲ್ಲಿ ಮನೆಗಳು, ಕೆಳಗೆ ಬಂದರು, ಎದುರಿಗೆ ಥಾಸೊಸ್ ದ್ವೀಪ. ಊರಿನ ನಡುವೆ ಎತ್ತರದ ಕಮಾನುಗಳ ಮೇಲೆ ನೀರು ಹರಿಸುತ್ತಿದ್ದ ಕಾಲುವೆ ಇದೆ. ನೋಡಿದರೆ ರೋಮನ್ನರದ್ದು ಅನ್ನಿಸುತ್ತದೆ, ಆದರೆ ಈಗ ನಿಂತಿರುವುದು ಆಟೊಮನ್ ಕಾಲದ್ದು.

ಬಂದರಿನ ಹತ್ತಿರ ಸಂತ ನಿಕೊಲಾಸ್ ಚರ್ಚಿದೆ. ಅದು ಮೊದಲು ಮಸೀದಿಯಾಗಿತ್ತು. ಅದರ ಪಕ್ಕದಲ್ಲಿ ಪೌಲ ದಡಕ್ಕೆ ಕಾಲಿಡುವ ದೊಡ್ಡ ಮೊಸಾಯಿಕ್ ಚಿತ್ರ. ಹೊಸದು, ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಬಸ್ಸುಗಳಲ್ಲಿ ಬಂದ ಯಾತ್ರಿಕರು ಅಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ನನಗೆ ಚಿತ್ರಕ್ಕಿಂತ ಸಮುದ್ರ ನೋಡುವುದೇ ಮುಖ್ಯವಾಗಿತ್ತು. ಬೈಬಲಿನ ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಹೇಳುವಂತೆ ತ್ರೋವದಿಂದ ಇಲ್ಲಿಗೆ ಎರಡೇ ದಿನದ ಪ್ರಯಾಣ. ಕೆಲವು ವರ್ಷಗಳ ನಂತರ ಇದೇ ದಾರಿಯಲ್ಲಿ ವಾಪಸ್ ಹೋಗುವಾಗ ಐದು ದಿನ ಹಿಡಿಯಿತು. ಗಾಳಿ ಕೈಹಿಡಿದರೆ ಎರಡು ದಿನ, ಎದುರಾದರೆ ಐದು. ಅವತ್ತಿನ ಸುದ್ದಿಯೆಲ್ಲ ಓಡಾಡಿದ್ದು ಈ ಲೆಕ್ಕದಲ್ಲಿ.

ಸಂಜೆ ಊರ ಹಿಂದಿನ ಗುಡ್ಡ ಹತ್ತಿದೆವು. ಅಲ್ಲಿ ಎಗ್ನಾಟಿಯಾ ಹೆದ್ದಾರಿಯ ಹಳೆಯ ಕಲ್ಲುಹಾಸು ಇನ್ನೂ ಉಳಿದಿದೆ. ಕ್ರಿ.ಪೂ. 2ನೇ ಶತಮಾನದಲ್ಲಿ ರೋಮನ್ನರು ಹಾಕಿದ ರಸ್ತೆ ಅದು. ಈಗಿನ ಅಲ್ಬೇನಿಯಾದ ಕರಾವಳಿಯಿಂದ ಈಗಿನ ಇಸ್ತಾಂಬುಲ್‌ವರೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಸೈನ್ಯ ಸಾಗಿಸಲು ಮಾಡಿದ ರಸ್ತೆಯಲ್ಲಿ ವ್ಯಾಪಾರಿಗಳು ನಡೆದರು, ಗುಲಾಮರು ನಡೆದರು, ಕೊನೆಗೆ ಪೌಲನೂ ನಡೆದ.

ಎರಡನೇ ದಿನ: ಫಿಲಿಪ್ಪಿ

ಕವಾಲಾದಿಂದ ಫಿಲಿಪ್ಪಿಗೆ ಹದಿನೈದು ಕಿಲೋಮೀಟರ್ ಚಿಲ್ಲರೆ. ದ್ರಾಮಾ ಕಡೆಗೆ ಹೋಗುವ ಬಸ್ ಹತ್ತಿದರೆ ಬಾಗಿಲಲ್ಲೇ ಇಳಿಸುತ್ತಾರೆ. ಅಲೆಕ್ಸಾಂಡರನ ಅಪ್ಪ ಎರಡನೇ ಫಿಲಿಪ್ ತನ್ನ ಹೆಸರಿಟ್ಟ ಊರು ಇದು. ಸೀಸರನ್ನು ಕೊಂದ ಬ್ರೂಟಸ್ ಮತ್ತು ಕ್ಯಾಸಿಯಸ್ ಕ್ರಿ.ಪೂ. 42ರಲ್ಲಿ ಈ ಬಯಲಿನಲ್ಲೇ ಸೋತು ಸತ್ತರು. ಗೆದ್ದವರು ತಮ್ಮ ನಿವೃತ್ತ ಸೈನಿಕರಿಗೆ ಇಲ್ಲಿ ಹೊಲ ಕೊಟ್ಟು ಕೂರಿಸಿದರು. ಹಾಗಾಗಿ ಗ್ರೀಸಿನ ನೆಲದಲ್ಲಿ ಇದ್ದರೂ ಇಲ್ಲಿನ ಶಾಸನಗಳು ಹೆಚ್ಚಾಗಿ ಲ್ಯಾಟಿನ್‌ನಲ್ಲಿವೆ.

ಪೌಲ ಬಂದಾಗ ಇಲ್ಲಿ ಯೆಹೂದಿಗಳ ದೊಡ್ಡ ಸಭಾಮಂದಿರ ಇದ್ದ ಹಾಗಿಲ್ಲ. ಸಬ್ಬತ್ ದಿನ, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿ ದಿನ, ಊರ ಬಾಗಿಲ ಹೊರಗೆ ಹೊಳೆಯ ಹತ್ತಿರ ಪ್ರಾರ್ಥನೆಗೆ ಕೂಡಿದ್ದ ಹೆಂಗಸರ ಜೊತೆ ಕೂತು ಅವನು ಮಾತಾಡಿದ. ಅವರಲ್ಲಿ ಲುದ್ಯ ಅನ್ನುವವಳು ಕೇಳಿ ನಂಬಿದಳು. ಅವಳ ಊರು ಥುವತೈರ, ಅಂದರೆ ಈಗಿನ ಟರ್ಕಿಯ ಅಖಿಸಾರ್. ಕೆನ್ನೇರಳೆ ಬಟ್ಟೆಯ ವ್ಯಾಪಾರ ಮಾಡುತ್ತಿದ್ದಳು. ದುಬಾರಿ ಮಾಲು, ಉಳ್ಳವರೇ ಗಿರಾಕಿಗಳು. ಅವಳೂ ಅವಳ ಮನೆಯವರೂ ದೀಕ್ಷಾಸ್ನಾನ ಮಾಡಿಸಿಕೊಂಡರು. ಆಮೇಲೆ ಪೌಲನನ್ನೂ ಜೊತೆಯವರನ್ನೂ ಬಲವಂತ ಮಾಡಿ ತನ್ನ ಮನೆಯಲ್ಲೇ ಉಳಿಸಿಕೊಂಡಳು. ಯುರೋಪಿನ ನೆಲದಲ್ಲಿ ಪೌಲ ಕಂಡ ಮೊದಲ ಸಭೆ ಒಬ್ಬ ವ್ಯಾಪಾರಿ ಹೆಂಗಸಿನ ಮನೆಯ ಪಡಸಾಲೆಯಲ್ಲಿ ಸೇರಿತು. ಇದು ನನಗೆ ಈ ಇಡೀ ಇತಿಹಾಸದ ಬಹಳ ದೊಡ್ಡ ಸಂಗತಿ. ಎಷ್ಟೋ ಪುಸ್ತಕಗಳು ಒಂದೇ ಸಾಲಿನಲ್ಲಿ ಇದನ್ನು ದಾಟಿಬಿಡುತ್ತವೆ. ಅದು ಸರಿಯಲ್ಲ ಅಲ್ವಾ?

ಹೊಳೆಯ ಹತ್ತಿರ ಈಗ ಲುದ್ಯಳ ಹೆಸರಿನಲ್ಲಿ ಎಂಟು ಮೂಲೆಯ ಹೊಸ ಚರ್ಚಿದೆ. ನೀರಿನ ಅಂಚಿಗೆ ಕಲ್ಲಿನ ಮೆಟ್ಟಿಲು ಕಟ್ಟಿದ್ದಾರೆ. ತಂಗಿ ಚಪ್ಪಲಿ ಬಿಚ್ಚಿ ಕಾಲು ಇಳಿಬಿಟ್ಟಳು. ನೀರು ತುಂಬಾ ತಣ್ಣಗಿತ್ತು.

ಅಲ್ಲಿಂದ ಹಳೆಯ ಊರಿಗೆ ಬಂದೆವು. ಮಾರುಕಟ್ಟೆ ಚೌಕದ ಪಕ್ಕದಲ್ಲಿ ಎಗ್ನಾಟಿಯಾ ರಸ್ತೆಯ ಚಪ್ಪಡಿಗಳಿವೆ. ಗಾಡಿ ಚಕ್ರಗಳು ಕೊರೆದ ಗೆರೆಗಳು ಕೈಗೆ ಸಿಗುತ್ತವೆ. ಪೌಲನಿಗೂ ಸೀಲನಿಗೂ ಕೋಲಿನಿಂದ ಹೊಡೆಸಿದ್ದು ಈ ಊರಿನ ಚೌಕದಲ್ಲೇ. ಅದರ ಕಾರಣ ನೋಡಿ. ಒಬ್ಬ ದಾಸಿ ಹುಡುಗಿ ಕಣಿ ಹೇಳುತ್ತಿದ್ದಳು. ಅದರ ದುಡ್ಡು ಅವಳ ಒಡೆಯರಿಗೆ ಹೋಗುತ್ತಿತ್ತು. ಪೌಲ ಅವಳೊಳಗಿನ ದೆವ್ವ ಬಿಡಿಸಿದ, ಒಡೆಯರ ಸಂಪಾದನೆ ನಿಂತುಹೋಯಿತು. ಅವರು ಕೋರ್ಟಿಗೆ ಎಳೆದುಕೊಂಡು ಬಂದರು. ಹೊರಗೆ ಹೇಳಿದ ದೂರು ಮಾತ್ರ ಬೇರೆ: ಇವರು ಯೆಹೂದಿಗಳು, ರೋಮನ್ನರಾದ ನಮಗೆ ಒಪ್ಪದ ಪದ್ಧತಿ ಕಲಿಸುತ್ತಾರೆ ಅಂತ. ಜೇಬಿಗೆ ಬಿದ್ದ ಪೆಟ್ಟು ಧರ್ಮದ ದೂರಾಗಿ ಬದಲಾಗುವುದನ್ನು ನಾವೂ ಕಂಡಿದ್ದೇವೆ.

ಪೌಲನ ಸೆರೆಮನೆ ಅಂತ ಒಂದು ಚಿಕ್ಕ ಗೂಡನ್ನು ತೋರಿಸುತ್ತಾರೆ. ಅಗೆದು ನೋಡಿದವರು ಹೇಳುವುದು ಅದು ರೋಮನ್ ಕಾಲದ ನೀರಿನ ತೊಟ್ಟಿ, ಭಕ್ತರು ಆಮೇಲೆ ಪೂಜಾಸ್ಥಳ ಮಾಡಿಕೊಂಡರು ಅಂತ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಎಂಟು ಮೂಲೆಯ ಹಳೆಯ ಚರ್ಚಿನ ಪಾಯದ ಕೆಳಗೆ ಅದಕ್ಕಿಂತ ಹಳೆಯ ಪ್ರಾರ್ಥನಾಮಂದಿರದ ನೆಲ ಸಿಕ್ಕಿದೆ. ಸಣ್ಣ ಸಣ್ಣ ಕಲ್ಲಿನ ಚೂರುಗಳ ಮೊಸಾಯಿಕ್. ಅದರಲ್ಲಿ ಗ್ರೀಕ್ ಬರಹ: ಬಿಷಪ್ ಪೊರ್ಫಿರಿಯೊಸ್ ಪೌಲನ ಈ ಮಂದಿರದ ಮೊಸಾಯಿಕನ್ನು ಕ್ರಿಸ್ತನಲ್ಲಿ ಮಾಡಿಸಿದ. ಈ ಪೊರ್ಫಿರಿಯೊಸ್ ಸುಮಾರು 343ರಲ್ಲಿ ಸೆರ್ದಿಕಾದಲ್ಲಿ, ಅಂದರೆ ಈಗಿನ ಸೋಫಿಯಾದಲ್ಲಿ, ನಡೆದ ಬಿಷಪ್‌ಗಳ ಸಭೆಗೆ ಹೋಗಿದ್ದವನು. ಹಾಗಾಗಿ ಕಾಲ ಗೊತ್ತಾಗುತ್ತದೆ. ಪೌಲ ಬಂದುಹೋಗಿ ಆಗಲೇ ಮುನ್ನೂರು ವರ್ಷ ಕಳೆದಿತ್ತು. ಈ ಮುನ್ನೂರು ವರ್ಷದ ಬಹುಪಾಲು ಕಾಲ ನಂಬಿಕೆ ಉಳಿದದ್ದು ಮನೆಗಳಲ್ಲಿ. ಹಾಗಾಗಿ ಮೊದಲ ಶತಮಾನದ ಕ್ರೈಸ್ತ ಕಟ್ಟಡ ಹುಡುಕಿ ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಸಿಗದಿರುವುದೇ ಅವರ ಬದುಕಿನ ಬಗ್ಗೆ ಸರಿಯಾದ ಮಾಹಿತಿ ಅಂತ ನನಗೆ ಅನ್ನಿಸಿತು.

ಮೂರನೇ ದಿನ: ಥೆಸಲೊನೀಕಿ

ಫಿಲಿಪ್ಪಿಯವರು ಪೌಲನಿಗೆ ದುಡ್ಡು ಕಳಿಸುತ್ತಿದ್ದರು. ಅವನು ಥೆಸಲೊನೀಕಿಯಲ್ಲಿದ್ದಾಗ ಒಂದಕ್ಕಿಂತ ಹೆಚ್ಚು ಸಲ ಕಳಿಸಿದರು ಅಂತ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಅವನೇ ಹೇಳಿದ್ದಾನೆ. ಅದೇ ಪತ್ರದಲ್ಲಿ ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಂಗಸರನ್ನು ಹೆಸರಿಡಿದು, ಒಂದಾಗಿರಿ ಅಂತ ಬೇಡಿಕೊಳ್ಳುತ್ತಾನೆ. ಸುವಾರ್ತೆಗಾಗಿ ತನ್ನ ಜೊತೆ ದುಡಿದವರು ಅಂತ ಅವರನ್ನು ನೆನೆಯುತ್ತಾನೆ. ಬಸ್ಸಿನಲ್ಲಿ ವಾಪಸ್ ಬರುವಾಗ ಈ ಪತ್ರವನ್ನು ಕನ್ನಡದಲ್ಲಿ ಪೂರ್ತಿ ಓದಿದೆ. ನಾಲ್ಕೇ ಅಧ್ಯಾಯ.

ಥೆಸಲೊನೀಕಿ ದೊಡ್ಡ ಊರು, ಗಲಾಟೆಯ ಊರು. ಬೆಳಿಗ್ಗೆ ಸಿಹಿ ಕಸ್ಟರ್ಡ್ ತುಂಬಿದ ಬುಗಾತ್ಸಾ ತಿಂದು ಮೆಟ್ರೊ ಹತ್ತಿದೆವು. 2024ರ ನವೆಂಬರಿನಲ್ಲಿ ಶುರುವಾದ ಮೆಟ್ರೊ ಇದು. ವೆನಿಜೆಲೊ ನಿಲ್ದಾಣ ಅಗೆಯುವಾಗ ಊರಿನ ಹಳೆಯ ಮುಖ್ಯ ಬೀದಿ ಸಿಕ್ಕಿತು. ಎರಡೂ ಬದಿಗೆ ಅಂಗಡಿಗಳು, ನಡುವೆ ಅಮೃತಶಿಲೆಯ ಹಾಸು. ಅದನ್ನು ಬಿಚ್ಚಿ, ನಿಲ್ದಾಣ ಕಟ್ಟಿದ ಮೇಲೆ ಮತ್ತೆ ಜೋಡಿಸಿಟ್ಟಿದ್ದಾರೆ. ಅದರಲ್ಲಿ ಹೆಚ್ಚಿನದು ಪೌಲನಿಗಿಂತ ಎಷ್ಟೋ ಶತಮಾನ ಈಚಿನದು. ಆದರೂ ಅಂಗಡಿ ಬೀದಿ ಅನ್ನುವುದು ಹೇಗಿರುತ್ತಿತ್ತು ಅಂತ ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಇದು ಮುಖ್ಯ. ಯಾಕಂದರೆ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ನೆನಪಿಸುವುದೇ ಕೆಲಸವನ್ನು. ನಿಮಗೆ ಹೊರೆಯಾಗಬಾರದು ಅಂತ ಹಗಲೂ ರಾತ್ರಿ ದುಡಿಯುತ್ತಾ ನಿಮಗೆ ಸಾರಿದೆವು ಅನ್ನುತ್ತಾನೆ. ಸುಮಾರು ಕ್ರಿ.ಶ. 50–51ರಲ್ಲಿ ಬರೆದ ಈ ಪತ್ರ ಇಡೀ ಹೊಸ ಒಡಂಬಡಿಕೆಯಲ್ಲೇ ಅತ್ಯಂತ ಹಳೆಯದು ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಂದರೆ ಕ್ರೈಸ್ತರ ಬರಹ ನಮಗೆ ಸಿಗುವುದು ಈ ಪತ್ರದಿಂದ. ಚರ್ಮ, ದಾರ, ಸೂಜಿ ಹಿಡಿದು ಕೂತವನು ಪಕ್ಕದ ಕೆಲಸಗಾರರ ಜೊತೆ ಮಾತಾಡುತ್ತಾನೆ. ಗಿರಾಕಿ ಬರುತ್ತಾನೆ, ನಿಂತು ಕೇಳುತ್ತಾನೆ. ಮೈದಾನದ ದೊಡ್ಡ ಭಾಷಣಗಳಿಗಿಂತ ಇಂಥ ಮಾತುಕತೆಯಲ್ಲೇ ಅದು ಜಾಸ್ತಿ ಹಬ್ಬಿತು ಅಂತ ನಾನು ನಂಬುತ್ತೇನೆ.

ಪತ್ರದಲ್ಲಿ ಇನ್ನೊಂದು ವಿಷಯವಿದೆ. ಯೇಸು ಬೇಗ ತಿರುಗಿ ಬರುತ್ತಾನೆ ಅಂತ ಆ ಜನ ಕಾಯುತ್ತಿದ್ದರು. ಅಷ್ಟರಲ್ಲಿ ಗುಂಪಿನ ಕೆಲವರು ತೀರಿಕೊಂಡರು. ಹಾಗಾದರೆ ಸತ್ತವರ ಗತಿ ಏನು ಅನ್ನುವ ದುಃಖ ಉಳಿದವರನ್ನು ಹಿಡಿಯಿತು. ಪೌಲ ಅವರನ್ನು ಸಮಾಧಾನಪಡಿಸುತ್ತಾನೆ. ಎರಡು ಸಾವಿರ ವರ್ಷದ ಹಿಂದಿನ ಒಂದು ಬೀದಿಯ ಸಾವಿನ ಮನೆಗಳು ಆ ಸಾಲುಗಳಲ್ಲಿವೆ.

ಮಧ್ಯಾಹ್ನ ರೊಟುಂಡಾಕ್ಕೆ ಹೋದೆವು. ಸುಮಾರು 306ರಲ್ಲಿ ಚಕ್ರವರ್ತಿ ಗಲೇರಿಯಸ್ ಕಟ್ಟಿಸಿದ ದುಂಡನೆಯ ಭಾರೀ ಕಟ್ಟಡ. 303ರಲ್ಲಿ ಕ್ರೈಸ್ತರ ಮೇಲೆ ಶುರುವಾದ ದೊಡ್ಡ ಹಿಂಸೆಯ ಹಿಂದೆ ಇದ್ದವರಲ್ಲಿ ಈ ಗಲೇರಿಯಸ್ ಮುಖ್ಯನು. ಚರ್ಚು ಕೆಡವಿಸಿದರು, ಗ್ರಂಥ ಸುಡಿಸಿದರು, ಒಪ್ಪದವರನ್ನು ಕೊಂದರು. ಕೊನೆಗೆ 311ರಲ್ಲಿ, ಕಾಯಿಲೆಯಿಂದ ಸಾಯುವ ಮುಂಚೆ, ಅವನೇ ಹಿಂಸೆ ನಿಲ್ಲಿಸುವ ಆಜ್ಞೆ ಹೊರಡಿಸಿದ. ಕ್ರೈಸ್ತರು ತಮ್ಮ ದೇವರಲ್ಲಿ ತನಗಾಗಿಯೂ ರಾಜ್ಯಕ್ಕಾಗಿಯೂ ಬೇಡಿಕೊಳ್ಳಲಿ ಅಂತಲೂ ಅದರಲ್ಲಿ ಕೇಳಿಕೊಂಡ. ಅವನ ಕಟ್ಟಡ ಆಮೇಲೆ ಚರ್ಚಾಯಿತು. 1591ರಲ್ಲಿ ಮಸೀದಿಯಾಯಿತು, ಅದರ ಮಿನಾರು ಈಗಲೂ ಪಕ್ಕದಲ್ಲಿದೆ.

ಒಳಗೆ ತಲೆ ಎತ್ತಿದರೆ ಗುಮ್ಮಟದ ಸುತ್ತ ಬಂಗಾರದ ಹಿನ್ನೆಲೆಯ ಮೊಸಾಯಿಕ್. ಕೈ ಎತ್ತಿ ಪ್ರಾರ್ಥಿಸುತ್ತಾ ನಿಂತ ಹುತಾತ್ಮರು. ಒಬ್ಬೊಬ್ಬರ ಪಕ್ಕದಲ್ಲೂ ಹೆಸರು ಬರೆದಿದೆ. ಅದರ ಜೊತೆ ಕಸುಬು, ತಿಂಗಳು. ಒನೆಸಿಫೊರೊಸ್, ಸೈನಿಕ. ದಾಮಿಯಾನೊಸ್, ವೈದ್ಯ. ಫಿಲೆಮೋನ್, ಕೊಳಲು ಊದುವವನು. ಕುತ್ತಿಗೆ ನೋವು ಬರುವವರೆಗೂ ನೋಡಿದೆ. ಬಂಗಾರ ಮೆತ್ತಿದ ಗುಮ್ಮಟದಲ್ಲೂ ಅವರ ಕಸುಬನ್ನು ಅಳಿಸದೆ ಬರೆಸಿದ್ದಾರಲ್ಲ, ಅದು ನನಗೆ ತುಂಬಾ ಹಿಡಿಸಿತು.

ನಾಲ್ಕನೇ ದಿನ: ವೆರಿಯಾ

ಥೆಸಲೊನೀಕಿಯಲ್ಲಿ ಗಲಭೆಯಾಗಿ, ಪೌಲನಿಗೆ ಜಾಗ ಕೊಟ್ಟಿದ್ದ ಯಾಸೋನನಿಂದ ಜಾಮೀನು ತೆಗೆದುಕೊಂಡ ಮೇಲೆ, ರಾತ್ರೋರಾತ್ರಿ ಪೌಲನನ್ನು ಬೆರೋಯಕ್ಕೆ ಕಳಿಸಿದರು. ಅದೇ ಈಗಿನ ವೆರಿಯಾ. ಬೆಟ್ಟದ ತಪ್ಪಲಿನ ತಂಪು ಊರು. ಇಲ್ಲಿನ ಯೆಹೂದಿಗಳು ಪೌಲ ಹೇಳಿದ್ದು ನಿಜವೋ ಸುಳ್ಳೋ ಅಂತ ದಿನಾ ಶಾಸ್ತ್ರ ತೆಗೆದು ಪರೀಕ್ಷೆ ಮಾಡುತ್ತಿದ್ದರಂತೆ. ಅವನ ನೆನಪಿಗೆ ಊರೊಳಗೆ ಒಂದು ಸ್ಮಾರಕ ಕಟ್ಟಿದ್ದಾರೆ. ಹಳೆಯ ಯೆಹೂದಿ ಕೇರಿಯಲ್ಲಿ ಹೊಳೆಯ ಅಂಚಿಗೆ ಸ್ವಲ್ಪ ಹೊತ್ತು ನಡೆದೆವು. ಈ ಸೀಮೆಯ ಯೆಹೂದಿಗಳಲ್ಲಿ ಬಹುತೇಕರನ್ನು 1943ರಲ್ಲಿ ನಾಜಿಗಳು ಆಶ್ವಿಟ್ಜ್‌ಗೆ ಸಾಗಿಸಿದರು. ಕ್ರೈಸ್ತರ ಕಥೆ ಶುರುವಾಗಿದ್ದು ಇವರ ಸಭಾಮಂದಿರಗಳಲ್ಲಿ, ಇವರ ಗ್ರಂಥಗಳಿಂದ. ಆ ಕೇರಿಯಲ್ಲಿ ನಿಂತು ಬೇರೆ ಏನೂ ಮಾತಾಡಲು ನಮಗೆ ಮನಸ್ಸಾಗಲಿಲ್ಲ.

ಐದನೇ ದಿನ: ಅಥೆನ್ಸ್

ರೈಲಿನಲ್ಲಿ ಬಹಳ ಹೊತ್ತು ಕೂತು ಅಥೆನ್ಸ್ ತಲುಪಿದೆವು. ಅಕ್ರೊಪೊಲಿಸ್ ಪಕ್ಕದ ಅರಿಯೊಪಾಗ ಬರೀ ಬೋಳು ಬಂಡೆ, ಸವೆದು ಜಾರುತ್ತದೆ. ಬುಡದಲ್ಲಿ ಪೌಲನ ಭಾಷಣವನ್ನು ಗ್ರೀಕಿನಲ್ಲಿ ಕೆತ್ತಿದ ಕಂಚಿನ ಫಲಕ ಇದೆ. ‘ಗೊತ್ತಿಲ್ಲದ ದೇವರಿಗೆ’ ಅಂತ ಬರೆದ ಬಲಿಪೀಠ ನೋಡಿದೆ, ಆ ದೇವರನ್ನೇ ನಿಮಗೆ ತಿಳಿಸುತ್ತೇನೆ ಅಂತ ಅವನು ಶುರು ಮಾಡಿದ. ಸತ್ತವರು ಏಳುವ ಮಾತು ಬಂದಾಗ ಕೆಲವರು ನಕ್ಕರು. ದಿಯೊನುಸ್ಯ ಮತ್ತು ದಾಮರಿ ಅನ್ನುವ ಹೆಂಗಸಿನ ಸಹಿತ ಕೆಲವರು ನಂಬಿದರು. ಅಥೆನ್ಸಿನವರಿಗೆ ಪೌಲ ಬರೆದ ಪತ್ರ ಯಾವುದೂ ನಮಗೆ ಉಳಿದಿಲ್ಲ. ವಾದ ಮಾಡುವವರ ಊರಿಗಿಂತ ದುಡಿಯುವವರ ಊರಿನಲ್ಲೇ ಅವನ ಮಾತು ಬೇರು ಬಿಟ್ಟಿತು. ಅಂಥ ಊರು ಕೊರಿಂಥ.

ಆರನೇ ದಿನ: ಕೊರಿಂಥ

ಕ್ರಿ.ಪೂ. 146ರಲ್ಲಿ ರೋಮನ್ನರು ಕೊರಿಂಥವನ್ನು ನೆಲಸಮ ಮಾಡಿದರು. ನೂರು ವರ್ಷದ ನಂತರ, ಕ್ರಿ.ಪೂ. 44ರಲ್ಲಿ, ಜೂಲಿಯಸ್ ಸೀಸರ್ ಅದನ್ನು ಮತ್ತೆ ಕಟ್ಟಲು ಹೇಳಿದ. ಬಂದು ನೆಲೆಸಿದವರಲ್ಲಿ ಬಿಡುಗಡೆಯಾದ ಗುಲಾಮರು ಬಹಳ. ಎರಡು ಸಮುದ್ರಗಳ ನಡುವಿನ ಊರು, ಎರಡು ಕಡೆಗೂ ಬಂದರು. ಪೌಲ ಇಲ್ಲಿ ಒಂದೂವರೆ ವರ್ಷ ನಿಂತ.

ಅವನಿಗೆ ಜಾಗ ಕೊಟ್ಟವರು ಅಕ್ವಿಲ ಮತ್ತು ಪ್ರಿಸ್ಕಿಲ್ಲ ಅನ್ನುವ ಗಂಡ ಹೆಂಡತಿ. ಅವರದ್ದೂ ಗುಡಾರದ ಕಸುಬು. ಕ್ಲೌದಿಯ ಚಕ್ರವರ್ತಿ ಯೆಹೂದಿಗಳನ್ನು ರೋಮ್ ಬಿಟ್ಟು ಹೊರಡಿ ಅಂದಾಗ ಬಂದವರು. ಮೂವರೂ ಒಂದೇ ಅಂಗಡಿಯಲ್ಲಿ ಕೆಲಸ ಮಾಡಿದರು. ಹಳೆ ಚೌಕದ ಸುತ್ತ ಸಾಲು ಅಂಗಡಿಗಳ ಗೋಡೆ ಈಗಲೂ ಇದೆ. ಒಂದರೊಳಗೆ ನಿಂತು ಅಳತೆ ನೋಡಿದೆವು. ಕೈ ಚಾಚಿದರೆ ಗೋಡೆ ಸಿಗುವಷ್ಟಲ್ಲ, ಆದರೂ ಚಿಕ್ಕದೇ.

ಚೌಕದ ನಡುವೆ ಎತ್ತರದ ಕಟ್ಟೆ, ಬೇಮಾ. ಪೌಲನನ್ನು ರಾಜ್ಯಪಾಲ ಗಲ್ಲಿಯೋನನ ಮುಂದೆ ಎಳೆದುತಂದದ್ದು ಇಲ್ಲಿಗೆ ಅನ್ನುತ್ತಾರೆ. ನಿಮ್ಮ ಧರ್ಮದ ಜಗಳ ನೀವೇ ನೋಡಿಕೊಳ್ಳಿ ಅಂತ ಅವನು ಕೇಸು ವಜಾ ಮಾಡಿದ. ತತ್ವಜ್ಞಾನಿ ಸೆನೆಕನ ಅಣ್ಣ ಈ ಗಲ್ಲಿಯೋನ. ಡೆಲ್ಫಿಯಲ್ಲಿ ಸಿಕ್ಕ ಒಂದು ಶಾಸನದ ಚೂರುಗಳಲ್ಲಿ ಕ್ಲೌದಿಯನ ಪತ್ರವಿದೆ, ಅದರಲ್ಲಿ ಗಲ್ಲಿಯೋನನ ಹೆಸರಿದೆ. ಆ ಪತ್ರ ಕ್ರಿ.ಶ. 52ರದ್ದು. ಪೌಲನ ಬದುಕಿನ ಉಳಿದ ತಾರೀಖುಗಳನ್ನೆಲ್ಲ ಲೆಕ್ಕ ಹಾಕುವುದು ಈ ಒಂದು ಕಲ್ಲನ್ನು ಹಿಡಿದುಕೊಂಡೇ.

ರಂಗಮಂದಿರದ ಹತ್ತಿರ ಬೇಲಿಯ ಒಳಗೆ ಇನ್ನೊಂದು ಕಲ್ಲು. 1929ರಲ್ಲಿ ಸಿಕ್ಕಿದ್ದು. ದೊಡ್ಡ ದೊಡ್ಡ ಲ್ಯಾಟಿನ್ ಅಕ್ಷರಗಳನ್ನು ಆಳವಾಗಿ ಕೊರೆದಿದ್ದಾರೆ, ಅದರೊಳಗೆ ಹಿಂದೆ ಲೋಹ ಕೂರಿಸಿದ್ದರು. ಊರಿನ ಅಧಿಕಾರ ಸಿಕ್ಕಿದ್ದಕ್ಕೆ ಎರಸ್ತ ತನ್ನ ಖರ್ಚಿನಲ್ಲಿ ಈ ನೆಲ ಹಾಸಿಸಿದ ಅಂತ ಬರಹ. ಕೊರಿಂಥದಿಂದ ಬರೆದ ಪತ್ರದಲ್ಲಿ ಪೌಲ ಊರಿನ ಖಜಾಂಚಿ ಎರಸ್ತನ ವಂದನೆ ತಿಳಿಸುತ್ತಾನೆ. ಇಬ್ಬರೂ ಒಬ್ಬನೇ ಅಂತ ಕೆಲವರು, ಅಲ್ಲ ಅಂತ ಕೆಲವರು. ಮ್ಯೂಸಿಯಂನಲ್ಲಿ ಮಣ್ಣಿನ ಕೈಕಾಲು, ಕಿವಿಗಳ ರಾಶಿಯೇ ಇದೆ. ಕಾಯಿಲೆ ವಾಸಿಯಾದವರು ಅಸ್ಕ್ಲೇಪಿಯೊಸ್ ದೇವರಿಗೆ ಕೊಟ್ಟ ಹರಕೆ. ಅವನ್ನು ನೋಡಿಯೇ ಪೌಲ ದೇಹ ಒಂದು, ಅಂಗಗಳು ಹಲವು ಅಂತ ಬರೆದ ಅನ್ನುವ ವಿವರಣೆ ಅಲ್ಲಿ ಕಿವಿಗೆ ಬಿತ್ತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆ ಹರಕೆಗಳು ಅವನಿಗಿಂತ ನಾಲ್ಕು ಶತಮಾನ ಹಳೆಯವು, ಅವನು ಬರುವ ಹೊತ್ತಿಗೆ ಮಣ್ಣಿನಡಿ ಸೇರಿದ್ದವು.

ಕೊರಿಂಥದ ಸಭೆ ಸುಖದ ಸಭೆ ಆಗಿರಲಿಲ್ಲ. ಒಟ್ಟಿಗೆ ಊಟಕ್ಕೆ ಸೇರಿದಾಗ ಉಳ್ಳವರು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು. ಕೆಲಸ ಮುಗಿಸಿ ತಡವಾಗಿ ಬಂದವರಿಗೆ ಹಸಿವೇ ಗತಿ. ರೋಮನ್ ಮನೆಯ ಊಟದ ಕೋಣೆಯಲ್ಲಿ ಒರಗಿ ಕೂರಲು ಒಂಬತ್ತು ಜನಕ್ಕೆ ಜಾಗ, ಉಳಿದವರು ಅಂಗಳದಲ್ಲಿ. ಪಂಕ್ತಿಭೇದ ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲದವರನ್ನು ಅವಮಾನ ಮಾಡುತ್ತೀರಾ ಅಂತ ಪೌಲ ಖಾರವಾಗಿ ಬರೆದ. ಗುಲಾಮನೂ ಒಡೆಯನೂ ಒಂದೇ ರೊಟ್ಟಿ ಮುರಿಯಬೇಕು ಅನ್ನುವುದು ಆ ಕಾಲಕ್ಕೆ ಎಷ್ಟು ಹೊಸದು, ಎಷ್ಟು ಕಷ್ಟದ್ದು ಅಂತ ಈ ಜಗಳದಿಂದಲೇ ತಿಳಿಯುತ್ತದೆ.

ಏಳನೇ ದಿನ: ಕೆಂಖ್ರೆಯ

ಕೊರಿಂಥದ ಪೂರ್ವದ ಬಂದರು ಕೆಂಖ್ರೆಯ. ಟ್ಯಾಕ್ಸಿಯಲ್ಲಿ ಹೋದೆವು. ಈಗ ಸುಮ್ನೆ ಒಂದು ಚಿಕ್ಕ ಬೀಚು. ನೆಲ ಕುಸಿದು ಹಳೆಯ ಕಟ್ಟೆಗಳೆಲ್ಲ ಅರ್ಧ ನೀರಿನಲ್ಲಿವೆ. ಒಂದು ಹಳೆಯ ಚರ್ಚಿನ ಪಾಯವೂ ಹಾಗೇ ಮುಳುಗಿದೆ, ಮಂಡಿಯುದ್ದ ನೀರಿನಲ್ಲಿ ನಡೆದು ನೋಡಬಹುದು. 1960ರ ದಶಕದಲ್ಲಿ ಇಲ್ಲಿ ಅಗೆದಾಗ ಪೆಟ್ಟಿಗೆಗಳಲ್ಲೇ ಉಳಿದಿದ್ದ ಬಣ್ಣದ ಗಾಜಿನ ಫಲಕಗಳು ಸಿಕ್ಕವು. ಅವನ್ನು ಹತ್ತಿರದ ಇಸ್ತ್ಮಿಯಾ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ.

ನಾನು ಇಲ್ಲಿಗೆ ಬಂದದ್ದು ಫೊಯಿಬೆಗಾಗಿ. ಕೆಂಖ್ರೆಯ ಸಭೆಯ ಸೇವಕಿ ಅವಳು. ಅನೇಕರಿಗೂ ನನಗೂ ಆಸರೆಯಾದವಳು ಅಂತ ಪೌಲ ಹೇಳುತ್ತಾನೆ. ಸುಮಾರು 57ರಲ್ಲಿ ಅವನು ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ, ಇವಳನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಶಿಫಾರಸು ಇದೆ. ಪತ್ರ ಒಯ್ದವಳು ಅವಳೇ ಅನ್ನುವುದು ಹೆಚ್ಚಿನ ವಿದ್ವಾಂಸರ ಮಾತು. ಗ್ರೀಕಿನಲ್ಲಿ ಸುಮಾರು 7,000 ಪದಗಳ ಪತ್ರ. ಪೌಲ ಹೇಳಿದ್ದನ್ನು ಬರೆದುಕೊಂಡವನು ತೆರ್ತ್ಯ. ಅವನು ನಡುವೆ ತನ್ನದೂ ಒಂದು ಸಾಲು ವಂದನೆ ಸೇರಿಸಿಬಿಟ್ಟಿದ್ದಾನೆ. ಪೌಲನನ್ನೂ ಇಡೀ ಸಭೆಯನ್ನೂ ಮನೆಯಲ್ಲಿ ಕೂರಿಸಿಕೊಂಡವನು ಗಾಯ.

ಆ ಕೊನೆಯ ಅಧ್ಯಾಯವನ್ನು ದಡದಲ್ಲಿ ಕೂತು ಗಟ್ಟಿಯಾಗಿ ಓದಿದೆ, ತಂಗಿ ಹೆಸರುಗಳನ್ನು ಬರೆದುಕೊಳ್ಳುತ್ತಾ ಹೋದಳು. ವಂದನೆ ಹೇಳಬೇಕಾದವರ ಹೆಸರೇ ಇಪ್ಪತ್ತಕ್ಕೂ ಜಾಸ್ತಿ. ಮರಿಯ, ಯೂನ್ಯ, ತ್ರುಫೈನ, ಪೆರ್ಸೀಸ್, ಜೊತೆಗೆ ರೂಫನ ತಾಯಿ. ಪೌಲ ಆಗ ರೋಮನ್ನು ಇನ್ನೂ ಕಂಡೇ ಇರಲಿಲ್ಲ. ಅವನು ಹೋಗುವ ಮೊದಲೇ ಅಲ್ಲಿ ಸಭೆಗಳಿದ್ದವು, ಅವನ್ನು ಶುರು ಮಾಡಿದವರು ಯಾರೆಂದು ಹೊಸ ಒಡಂಬಡಿಕೆಯ ಯಾವ ಪುಸ್ತಕವೂ ಹೇಳುವುದಿಲ್ಲ. ವಂದನೆಯ ಪಟ್ಟಿಯಲ್ಲಿ ಮೊದಲ ಹೆಸರು ಪ್ರಿಸ್ಕಿಲ್ಲ, ಅದರ ಪಕ್ಕದಲ್ಲಿ ಅಕ್ವಿಲ. ಕ್ಲೌದಿಯ ಸತ್ತದ್ದು 54ರಲ್ಲಿ. ಅವನು ಊರು ಬಿಡಿಸಿದ್ದ ಆ ಗಂಡ ಹೆಂಡತಿ ಪತ್ರ ಬರೆಯುವ ಹೊತ್ತಿಗೆ ರೋಮಿಗೆ ವಾಪಸ್ ಬಂದಿದ್ದರು, ಅಲ್ಲೂ ಸಭೆ ಸೇರುತ್ತಿದ್ದುದು ಅವರ ಮನೆಯಲ್ಲೇ.